ಶಿಳ್ಳೆ ಹೊಡೆಯುವ ಗೇರ್‌ಬಾಕ್ಸು

"ಒಂದೇ ಒಂದು ಶನಿವಾರ ಸಾಕು!" ಎಂದು ಎರಲ್ ಮೆಕ್ರೇ ಅಡುಗೆಮನೆಯ ಬಾಗಿಲಲ್ಲಿ ನಿಂತು ಘೋಷಿಸಿದಾಗ ಅವನ ಹೆಂಡತಿ ನೋಲಾ ಆಲೂಗಡ್ಡೆ ಸಿಪ್ಪೆ ಹೆರೆಯುತ್ತಿದ್ದಳು.

"ಯಾವ ವರ್ಷದ ಶನಿವಾರ?" ಎಂದಳು ತಲೆ ಎತ್ತದೆ.

"ತಮಾಷೆ ಮಾಡ್ಬೇಡ. ಕಾರಿನ ಗೇರ್‌ಬಾಕ್ಸ್ ಇಳಿಸ್ತೀನಿ, ತುಕ್ಕು ಹಿಡಿದ ನೆಲ ಕಿತ್ತು ಹೊಸ ತಗಡು ಕೂರಿಸ್ತೀನಿ, ಗೇರ್‌ಬಾಕ್ಸ್ ವಾಪಸ್ ಏರಿಸ್ತೀನಿ. ಸಾಯಂಕಾಲ ಚಹಾ ಹೊತ್ತಿಗೆ ಕೈ ತೊಳ್ಕೊಂಡು ಮೇಜಿನ ಮುಂದೆ ಕೂತಿರ್ತೀನಿ, ನೋಡ್ತಾ ಇರು!"

ಎರಲ್‌ಗೆ ಈ ಧೈರ್ಯ ಸುಮ್ಮನೆ ಬಂದದ್ದಲ್ಲ. ದೇಶದ ದಕ್ಷಿಣ ತುದಿಯ ವಿಂಟನ್ ಊರಿನ ಸುತ್ತಮುತ್ತಲಿನ ಕುರಿಗಾವಲುಗಳಿಗೆ ಬೇಲಿ ಹಾಕುತ್ತ ಅವನ ಆಯುಷ್ಯ ಕಳೆದಿತ್ತು. ಬೇಲಿ ತಂತಿ ಒಂದು ಸುರುಳಿ, ಇಕ್ಕಳ ಒಂದು, ಇವೆರಡಿದ್ದರೆ ಭೂಲೋಕದಲ್ಲಿ ರಿಪೇರಿಯಾಗದ ವಸ್ತುವೇ ಇಲ್ಲ ಎಂಬುದು ಅವನ ಧರ್ಮ. ಬಟ್ಟೆ ಒಗೆಯುವ ಯಂತ್ರ, ಕೋಳಿಗೂಡು, ಚರ್ಚಿನ ಹಾರ್ಮೋನಿಯಂನ ಪೆಡಲು, ಎಲ್ಲದರಲ್ಲೂ ಅವನ ತಂತಿ ಇದೆ. ಅಂಥವನು ಕಾರನ್ನು ಮೆಕ್ಯಾನಿಕ್ ಹತ್ತಿರ ಒಯ್ಯುವುದೆಂದರೆ ಮೂಗು ಕೊಯ್ಸಿಕೊಂಡ ಹಾಗೆಯೇ ಸರಿ!

ಕಾರು ಅವನದೂ ಅಲ್ಲ. ನೋಲಾಳ ಅಪ್ಪನದು. ಹಸಿರು ಬಣ್ಣದ, ಗುಂಡು ಬೆನ್ನಿನ ಮಾರಿಸ್ ಮೈನರ್. ಮದುವೆಯ ದಿನ ಅಪ್ಪ ಮಗಳನ್ನು ಚರ್ಚಿಗೆ ಕರೆತಂದದ್ದು ಅದರಲ್ಲೇ, ಸಂಜೆ ಎರಲ್ ಹೆಂಡತಿಯನ್ನು ಕೂರಿಸಿಕೊಂಡು ರಿವರ್ಟನ್ ಸಮುದ್ರತೀರಕ್ಕೆ ಹೊರಟದ್ದೂ ಅದರಲ್ಲೇ. ಆಮೇಲೆ ಆ ಕಾರು ಮಕ್ಕಳನ್ನು ಹೊತ್ತಿತು, ನಾಯಿಗಳನ್ನು ಹೊತ್ತಿತು, ತಬ್ಬಲಿ ಕುರಿಮರಿಗಳನ್ನು ಹೊತ್ತಿತು. ಒದ್ದೆ ಗಂಬೂಟುಗಳ ನೀರು ಕುಡಿದೂ ಕುಡಿದೂ ಎಡಗಡೆಯ ಸೀಟಿನ ಮುಂದೆ ನೆಲ ತುಕ್ಕು ತಿಂದು ತೂತಾಯಿತು. ಕೂತವರಿಗೆ ಪಾದದ ಕೆಳಗೆ ರಸ್ತೆ ಓಡುವುದು ಕಾಣುತ್ತಿತ್ತು. ಮೂರನೇ ಗೇರು ಹಾಕಿದರೆ ಅದು ತನಗೆ ಬೇಕಾದಾಗ ಜಾರಿ ಹೊರಗೆ ಬರುತ್ತಿತ್ತು.

ಈ ಮಾರ್ಚಿಗೆ ಮದುವೆಯಾಗಿ ಐವತ್ತು ವರ್ಷ. ಅದೇ ದಿನ ಹಳೇ ಕಾರುಗಳ ಕ್ಲಬ್ಬಿನ ವಾರ್ಷಿಕ ಸವಾರಿ, ಅದೂ ರಿವರ್ಟನ್‌ಗೇ! ಕಾರು ಯಾವ ಕಾಲದ್ದೋ ಆ ಕಾಲದ ಉಡುಪು ಹಾಕಿಕೊಂಡು ಗಂಡ ಹೆಂಡತಿ ಹೋಗುವುದು ಕ್ಲಬ್ಬಿನ ಪದ್ಧತಿ. ನೋಲಾಳನ್ನು ಅದೇ ಎಡಗಡೆ ಸೀಟಿನಲ್ಲಿ ಕೂರಿಸಿಕೊಂಡು ಅದೇ ರಸ್ತೆಯಲ್ಲಿ ಇನ್ನೊಮ್ಮೆ ಹೋಗಬೇಕು. ಎರಲ್‌ನ ಮನಸ್ಸಿನಲ್ಲಿದ್ದದ್ದು ಇಷ್ಟೇ.

ಆದರೆ ಅದನ್ನು ಬಾಯಿಬಿಟ್ಟು ಹೇಳುವುದುಂಟೇ? ನಮ್ಮ ದಕ್ಷಿಣದ ಕಡೆಯ ಗಂಡಸರ ಬಾಯಲ್ಲಿ ಪ್ರೀತಿಗೆ ಇರುವುದು ಒಂದೇ ಮಾತು, "ಪರವಾಗಿಲ್ಲ." ಊಟ ಅಮೃತದಂತಿದ್ದರೆ ಪರವಾಗಿಲ್ಲ. ಮೊಮ್ಮಗು ಹುಟ್ಟಿದರೆ ಪರವಾಗಿಲ್ಲ. ಮದುವೆಯ ದಿನ ಬಿಳಿ ಉಡುಪಿನಲ್ಲಿ ಬಂದು ನಿಂತ ನೋಲಾಳನ್ನು ಅಡಿಯಿಂದ ಮುಡಿಯವರೆಗೆ ನೋಡಿ ಎರಲ್ ಹೇಳಿದ್ದೂ "ಪರವಾಗಿಲ್ಲ" ಎಂದೇ! ಇನ್ನು ತಬ್ಬಿಕೊಳ್ಳುವುದು, ಗಿಬ್ಬಿಕೊಳ್ಳುವುದೆಲ್ಲ ಉತ್ತರದ ಆಕ್ಲೆಂಡಿನವರಿಗೆ. ನಮ್ಮವರು ತೀರಾ ಉಕ್ಕಿ ಬಂದರೆ ಹೆಂಡತಿಯ ಭುಜವನ್ನು, ಕುರಿನಾಯಿಗೆ ತಟ್ಟಿದಂತೆ, ಮೆಲ್ಲಗೆ ತಟ್ಟುತ್ತಾರೆ. ಅದಕ್ಕೂ ಮೀರಿ ಉಕ್ಕಿದರೆ ಏನಾದರೂ ರಿಪೇರಿ ಮಾಡುತ್ತಾರೆ.

ಆ ಶನಿವಾರ ಬಂತು. ಬಿಚ್ಚಿದ ಸ್ಕ್ರೂಗಳನ್ನು ಬೇರೆ ಬೇರೆ ಇಡಲು ಎರಲ್‌ಗೆ ಸಣ್ಣ ಸಣ್ಣ ಗುಳಿಗಳ ಪಾತ್ರೆ ಬೇಕಾಯಿತು. ನೋಲಾ ಪುಟ್ಟ ಕೇಕು ಬೇಯಿಸುವ ಮಫಿನ್ ತಟ್ಟೆ ಶೆಡ್ಡಿಗೆ ಹೋಯಿತು. ಗೇರ್‌ಬಾಕ್ಸಿನ ಮೂತಿ ಸರಿಯಾಗಿ ಒಳಹೋಗಬೇಕಾದರೆ ಕ್ಲಚ್ಚಿನ ಬಿಲ್ಲೆ ನಟ್ಟನಡುವೆ ಕೂತಿರಬೇಕು, ಅದಕ್ಕೆ ಹದವಾದ ಒಂದು ಗುಂಡು ಕೋಲು ಬೇಕು. ನೋಲಾಳ ಪೊರಕೆಯ ಹಿಡಿ ಶೆಡ್ಡಿಗೆ ಹೋಯಿತು. ಕೊನೆಗೆ ಗೇರ್‌ಬಾಕ್ಸು ಮೇಲೆತ್ತುವಾಗ ಕೆಳಗೆ ಮಲಗಿ ದಾರಿ ತೋರಿಸುವವರು ಬೇಕಾಯಿತು. ನೋಲಾಳೇ ಶೆಡ್ಡಿಗೆ ಹೋದಳು.

"ಎಡಕ್ಕೆ ತಳ್ಳು!"

"ನನ್ನ ಎಡಕ್ಕಾ, ನಿನ್ನ ಎಡಕ್ಕಾ?"

"ಕಾರಿನ ಎಡಕ್ಕೆ!"

"ಕಾರು ಮುಖ ಮಾಡಿರೋದು ಆ ಕಡೆ, ನಾನು ಮಲಗಿರೋದು ಈ ಕಡೆ. ಪಿಯಾನೋ ಪಾಠ ಹೇಳ್ಕೊಂಡು ಮರ್ಯಾದೆಯಾಗಿದ್ದ ಹೆಂಗಸು ಕಣೋ ನಾನು! ಮೂಗಿನ ಮೇಲೆ ಎಣ್ಣೆ ಬೀಳ್ತಾ ಇದೆ!"

ಅಂತೂ ಆ ಶನಿವಾರದ ಕೆಲಸ ಮುಂದಿನ ಶನಿವಾರ ದಾಟಿ ಅದರ ಮುಂದಿನ ಶನಿವಾರ ಮುಗಿಯಿತು. ನೆಲ ಹೊಸದಾಯಿತು, ಬೆಸುಗೆ ಗಟ್ಟಿಯಾಗಿತ್ತು, ಮೂರನೇ ಗೇರು ಹಾಕಿದಲ್ಲೇ ನಿಂತಿತು. ಮಫಿನ್ ತಟ್ಟೆಯಲ್ಲಿ ಒಂದಿಷ್ಟು ಸ್ಕ್ರೂ ಉಳಿದಿದ್ದವು.

"ಇವು ಯಾವುದರವು?"

"ಹೆಚ್ಚಿಗೆ ಕೊಟ್ಟಿರ್ತಾರೆ, ನೋಲಾ. ಆಗಿನ ಕಾಲದೋರು ಧಾರಾಳಿಗಳು."

ಮೊದಲ ಸವಾರಿಗೆ ನೋಲಾ ಒಂದು ಉಡುಗೊರೆ ಸಿದ್ಧ ಮಾಡಿಟ್ಟಿದ್ದಳು. ಆ ಕಾರಿನಲ್ಲಿ ಹೀಟರ್ ಇಲ್ಲ, ನಮ್ಮ ದಕ್ಷಿಣದ ಗಾಳಿಗೆ ಕರುಣೆಯಿಲ್ಲ. ಅದಕ್ಕೇ ಅವಳು ತನ್ನ ತಾಯಿಯ ಕಾಲದ ನಮೂನೆ ನೋಡಿ ಕಂದು ಉಣ್ಣೆಯಲ್ಲಿ ಟೋಪಿ ಹೆಣೆದಿದ್ದಳು. ಕಿವಿ ಮುಚ್ಚುವ ದಪ್ಪ ರೆಕ್ಕೆಗಳು, ಗದ್ದದ ಕೆಳಗೆ ಗಂಟು.

"ಪರವಾಗಿಲ್ಲ," ಎಂದ ಎರಲ್, ಕಣ್ಣು ತುಸು ತೇವವಾಗಿ.

"ಶೆಡ್ಡಿಗೆ ಹಾಕ್ಕೊಂಡು ಹೋಗಿ ಎಣ್ಣೆ ಮೆತ್ತಿಸಿದ್ಯೋ, ನೋಡು ಮತ್ತೆ! ನಾನು ಪಕ್ಕದಲ್ಲಿ ಕೂತಾಗ ಮಾತ್ರ ಈ ಟೋಪಿ."

"ಆಯ್ತು ಮಾರಾಯ್ತಿ."

ಕಾರು ಹೊರಟಿತು. ಎರಲ್ ಟೋಪಿ ಏರಿಸಿ ಗಂಟು ಬಿಗಿದ. ಊರ ಹಾಲಿನ ಕಾರ್ಖಾನೆ ದಾಟಿರಲಿಲ್ಲ, ನೋಲಾ ಮುಖ ಕಿವುಚಿದಳು.

"ಎರಲ್, ಏನದು ಶಿಳ್ಳೆ?"

"ಯಾವ ಶಿಳ್ಳೆ?"

"ಈ ಶಿಳ್ಳೆ! ಕೀಂಯ್ ಅಂತ ಕೊರೀತಾ ಇದೆಯಲ್ಲ!"

ಎರಲ್‌ಗೆ ಏನೂ ಕೇಳಿಸಲಿಲ್ಲ. ಇದರಲ್ಲಿ ಆಶ್ಚರ್ಯವೂ ಇರಲಿಲ್ಲ. ಸಣ್ಣ, ಚೂಪಾದ ಸದ್ದುಗಳು ಅವನ ಕಿವಿಗೆ ಬೀಳುವುದನ್ನು ನಿಲ್ಲಿಸಿ ಬಹಳ ಕಾಲವಾಗಿತ್ತು. ಕಳೆದ ಚಳಿಗಾಲದಲ್ಲಿ ಒಲೆಯ ಮೇಲಿನ ಕೆಟಲ್ ಕೂಗಿ ಕೂಗಿ ತಳ ಸುಟ್ಟು ಹೊಗೆಯೆದ್ದು ಊರಿನ ಅಗ್ನಿಶಾಮಕದವರು ಬಂದಾಗ ಎರಲ್ ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದ! ಆಮೇಲೇ ನೋಲಾ ಅವನನ್ನು ಇನ್ವರ್ಕಾರ್ಗಿಲ್ ಪಟ್ಟಣದ ಕಿವಿಯ ಕ್ಲಿನಿಕ್‌ಗೆ ಎಳೆದೊಯ್ದು ಎಡಗಿವಿಗೆ ಕಡಲೆಕಾಳಿನಷ್ಟು ಯಂತ್ರ ಹಾಕಿಸಿದ್ದು. "ಅಳ್ಳಕ ಅನ್ನಿಸಿದ್ರೆ ಮತ್ತೆ ಬನ್ನಿ, ಅಳತೆ ಸರಿ ಮಾಡಿಕೊಡ್ತೀವಿ," ಎಂದು ಅಲ್ಲಿಯ ಹುಡುಗಿ ಹೇಳಿದ್ದಳು. "ನೆಲದಲ್ಲಿ ಅಳ್ಳಕವಾದ ಬೇಲಿಗೂಟಾನೇ ಗಟ್ಟಿ ಮಾಡಿದೋನು ನಾನು, ಕಿವೀದೇನು ಮಹಾ," ಎಂದು ಇವನು ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ. ಯಂತ್ರ ಬಂದ ಮೇಲೆ ಹೆಂಡತಿಯ ಮಾತು ಕೇಳಿಸುತ್ತಿತ್ತು, ಬೇಡದಿದ್ದಾಗಲೂ. ಶಿಳ್ಳೆಯಂಥ ಸಣ್ಣ ಸದ್ದು ಮಾತ್ರ ಊಹೂಂ.

ಅವನು ಕಾರು ನಿಲ್ಲಿಸಿ ಇಂಜಿನ್ ಆರಿಸಿದ. ಗಂಟು ಬಿಚ್ಚಿ, ಟೋಪಿ ತೆಗೆದು ತೊಡೆಯ ಮೇಲಿಟ್ಟು, ಗೇರಿನ ಕೋಲಿಗೆ ಕಿವಿ ಹಚ್ಚಿದ.

"ಈಗ?"

"ಈಗ ನಿಂತಿತು."

"ಇಂಜಿನ್ ಆರಿಸಿದ್ರೆ ನಿಲ್ತು ಅಂದ್ರೆ ಕಾರಿಂದೇ ಸದ್ದು!" ಎಂದ ಎರಲ್ ಪತ್ತೇದಾರನ ಗತ್ತಿನಲ್ಲಿ. ಮತ್ತೆ ಇಂಜಿನ್ ಹಾಕಿ, ಟೋಪಿ ಏರಿಸಿ ಹೊರಟ. ಕೀಂಯ್! "ಬೇರಿಂಗು. ನೂರಕ್ಕೆ ನೂರು ಗೇರ್‌ಬಾಕ್ಸಿನ ಬೇರಿಂಗು," ಎಂದು ತೀರ್ಪು ಕೊಟ್ಟ.

ಮತ್ತೆ ಮಫಿನ್ ತಟ್ಟೆ, ಮತ್ತೆ ಪೊರಕೆ ಹಿಡಿ, ಮತ್ತೆ ನೋಲಾಳ ಮೂಗಿನ ಮೇಲೆ ಎಣ್ಣೆ! ಹೊಸ ಬೇರಿಂಗು ಬಿತ್ತು. ಈ ಸಲ ಎರಲ್ ಬುದ್ಧಿವಂತಿಕೆಯಿಂದ ಮೊದಲು ಕ್ಲಬ್ಬಿನ ಕಾರ್ಯದರ್ಶಿ ಡೆಸ್ಮಂಡ್‌ನನ್ನು ಕರೆಸಿ, ಕೆಲಸದ ಬಟ್ಟೆಯಲ್ಲೇ ಅವನ ಪಕ್ಕ ಕೂತು ಒಂದು ಸುತ್ತು ಹಾಕಿಸಿದ. ಡೆಸ್ಮಂಡ್‌ನ ಕಿವಿ ಚುರುಕು, ಇಂಜಿನ್ ಸದ್ದು ಕೇಳಿಯೇ ಕಾರಿನ ಜಾತಕ ಹೇಳುವವನು.

"ಶಿಳ್ಳೇನಾ? ಎಲ್ಲಯ್ಯಾ ಶಿಳ್ಳೆ? ಬೆಣ್ಣೆ ಥರ ಹೋಗ್ತಾ ಇದೆ," ಎಂದ ಡೆಸ್ಮಂಡ್. ಅಡುಗೆಮನೆಗೆ ಬಂದು ಅದನ್ನೇ ನೋಲಾಳಿಗೂ ಹೇಳಿ, ತಟ್ಟೆಯಿಂದ ಮಫಿನ್ ಎತ್ತಿ ಕಚ್ಚಿದ. ಕಟಕ್ ಎಂದಿತು! ಬಾಯಿಂದ ಒಂದು ಪುಟ್ಟ ವಾಷರ್ ತೆಗೆದು ಮೇಜಿನ ಮೇಲಿಟ್ಟ. "ಇದು ನಿನ್ನ ಗೇರ್‌ಬಾಕ್ಸಿಂದು ಅಂತ ಕಾಣುತ್ತೆ, ಎರಲ್."

ಎರಲ್ ಹಿಗ್ಗಿ ಹೀರೇಕಾಯಿಯಾಗಿ ನೋಲಾಳನ್ನು ಕೂರಿಸಿಕೊಂಡು ಹೊರಟ. ಟೋಪಿ, ಗಂಟು, ಮೊದಲ ತಿರುವು. ಕೀಂಯ್!

"ಬಂತು," ಎಂದಳು ನೋಲಾ.

"ಡೆಸ್ಮಂಡ್‌ಗೆ ಕೇಳಿಸಲಿಲ್ಲವಲ್ಲೇ!"

"ಹಾಗಾದ್ರೆ ನಾನು ಸುಳ್ಳು ಹೇಳ್ತಾ ಇದೀನಾ?"

ಮನೆಗೆ ಬಂದವಳೇ ಕೋಟೂ ಬಿಚ್ಚದೆ ಪಿಯಾನೋ ಮುಂದೆ ಕೂತು, ಬಲಗಡೆಯ ತುತ್ತತುದಿಯ ಹತ್ತಿರ ಒಂದು ಸ್ವರದ ಮನೆ ಒತ್ತಿದಳು. ಮತ್ತೆ ಮತ್ತೆ ಒತ್ತಿದಳು. "ಇದು! ಈ ಸ್ವರ! ಏರಿನಲ್ಲೂ ಇದೇ, ಇಳಿಜಾರಲ್ಲೂ ಇದೇ. ಊರ ಮಕ್ಕಳಿಗೆಲ್ಲ ಸ್ವರ ಕಲಿಸಿದೋಳಿಗೆ ಶಿಳ್ಳೆ ಯಾವುದು ಅಂತ ಗೊತ್ತಾಗಲ್ವಾ?"

ಎರಲ್ ಫೋನಿನಲ್ಲಿ ಡೆಸ್ಮಂಡ್‌ಗೆ ಇದನ್ನು ವರದಿ ಮಾಡಿದ. ಡೆಸ್ಮಂಡ್, "ಗೇರಿನ ಸದ್ದಾದ್ರೆ ಕಾರು ಜೋರಾದ ಹಾಗೆ ಸ್ವರಾನೂ ಏರಬೇಕು. ಇದು ಗೇರಲ್ಲಪ್ಪ. ಎಲ್ಲಿಂದಲೋ ಗಾಳಿ ನುಗ್ತಾ ಇರ್ಬೇಕು," ಎಂದ.

ಗಾಳಿ! ಎರಲ್ ಕಾರಿನ ನೆಲದ ಬೆನ್ನು ಹತ್ತಿದ. ಹೊಸ ತಗಡಿನ ಸಂದುಗೊಂದಿಗೆಲ್ಲ ಡಾಂಬರು ಮೆತ್ತಿದ. ಗೇರ್‌ಬಾಕ್ಸಿನ ಮುಚ್ಚಳದ ಸುತ್ತ ರಬ್ಬರು ಪಟ್ಟಿ ಹಾಕಿದ, ಅದರ ಮೇಲೆ ಉಣ್ಣೆ ಕಂಬಳಿ ಹಾಸಿದ. ಬಾಗಿಲಿಗೂ ಹೊಸ ರಬ್ಬರು ಬಂತು. ಕಾರಿನೊಳಗೆ ಒಂದು ಸೊಳ್ಳೆ ಉಸಿರಾಡುವಷ್ಟೂ ಜಾಗ ಉಳಿಯಲಿಲ್ಲ. ಹೊರಟರೆ, ಕೀಂಯ್! ಗಾಳಿಯ ಸದ್ದು ಅಡಗಿದ್ದರಿಂದ ಈಗ ಇನ್ನೂ ಸ್ಪಷ್ಟವಾಗಿ ಕೇಳಿಸುತ್ತದೆ ಎಂದಳು ನೋಲಾ.

"ನೀನು ಇಲ್ಲದಾಗ ಸುಮ್ಮನಿರುತ್ತೆ, ನೀನು ಕೂತ ತಕ್ಷಣ ಶುರು! ಕಾರಿಗೂ ನಿನಗೂ ಏನಾದ್ರೂ ಜಗಳ ಇದೆಯಾ?" ಎಂದುಬಿಟ್ಟ ಎರಲ್.

"ನನ್ನಪ್ಪ ಓಡಿಸುವಾಗ ಇದು ಒಂದು ದಿನಾನೂ ಶಿಳ್ಳೆ ಹೊಡೀಲಿಲ್ಲ," ಎಂದಳು ನೋಲಾ.

ಇಬ್ಬರೂ ಆಡಬಾರದ್ದನ್ನು ಆಡಿಯಾಗಿತ್ತು. ಎರಲ್ ಕಾರನ್ನು ಸೀದಾ ಮನೆಗೆ ಓಡಿಸಿದ. ಇಳಿಯುವಾಗ ನೋಲಾ, "ನನ್ನ ತಲೆ ಸಿಡೀತಾ ಇದೆ. ರಿವರ್ಟನ್‌ಗೆ ನಾನು ಡೆಸ್ಮಂಡ್ ಕಾರಲ್ಲಿ ಬರ್ತೀನಿ. ಅವನ ಹೆಂಡತಿ ಜೊತೆ ಹಿಂದಿನ ಸೀಟಲ್ಲಿ ಕೂತ್ಕೊಂಡ್ರಾಯ್ತು," ಎಂದಳು. ಮದುವೆಯಾಗಿ ಐವತ್ತು ವರ್ಷಕ್ಕೆ ಅವನು ಒಬ್ಬನೇ, ಪಕ್ಕದ ಖಾಲಿ ಸೀಟನ್ನು ನೋಡುತ್ತ ರಿವರ್ಟನ್‌ಗೆ ಹೋಗುವುದೇ? ಊರಿಗೆ ಊರೇ ನೋಡುತ್ತದೆ. ಊರು ಹಾಳಾಗಲಿ, ಆ ಸೀಟು ಖಾಲಿ ಇರುವುದನ್ನು ಅವನು ಹೇಗೆ ನೋಡುವುದು?

ಅವನು ಮೂರನೆಯ ಸಲ ಗೇರ್‌ಬಾಕ್ಸು ಇಳಿಸಿದ. ಈ ಸಲ ನೋಲಾಳನ್ನು ಕರೆಯಲಿಲ್ಲ. ಬೇಲಿ ತಂತಿಯಲ್ಲಿ ಉಯ್ಯಾಲೆ ಕಟ್ಟಿ ಗೇರ್‌ಬಾಕ್ಸನ್ನು ಅದರಲ್ಲಿ ಮಲಗಿಸಿ, ತಾನೇ ಕೆಳಗೆ, ತಾನೇ ಮೇಲೆ, ತಾನೇ "ಎಡಕ್ಕೆ" ಎಂದು ಕೂಗಿ ತಾನೇ ತಳ್ಳಿದ. ಒಳಗಿನ ಹಲ್ಲುಚಕ್ರಗಳನ್ನು ಒಂದೊಂದಾಗಿ ತೆಗೆದು ತೊಳೆದು ಒರೆಸಿ ಕೂರಿಸಿದ. ನೆಲದ ತಗಡನ್ನೂ ಮತ್ತೆ ಬಿಚ್ಚಿ ಹಾಕಿದ. ಮಫಿನ್ ತಟ್ಟೆಯಲ್ಲಿ ಒಂದೇ ಒಂದು ಸ್ಕ್ರೂ ಉಳಿಯಲಿಲ್ಲ! ಅಂಥ ಪವಾಡ ಆ ಶೆಡ್ಡಿನಲ್ಲಿ ಹಿಂದೆಂದೂ ನಡೆದಿರಲಿಲ್ಲ.

ಸವಾರಿಯ ಬೆಳಿಗ್ಗೆ ಅವನು ಹಳೇ ಸೂಟು ಹಾಕಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದ. ನೋಲಾ ತಾಯಿಯ ನೀಲಿ ಹೂವಿನ ಉಡುಪಿನಲ್ಲಿದ್ದಳು. ಡೆಸ್ಮಂಡ್ ಬರಲು ಇನ್ನೂ ಹೊತ್ತಿತ್ತು.

"ಒಂದೇ ಸಲ ಕೂತು ನೋಡ್ತೀಯಾ? ರಸ್ತೆ ತುದಿವರೆಗೆ?"

ಅವಳು ಬಂದು ಕೂತಳು. ಎರಲ್ ಅವಳು ಹೆಣೆದ ಟೋಪಿಯನ್ನು ತಲೆಗೇರಿಸಿ ಗಂಟು ಬಿಗಿದು, ಹಾಲು ತುಂಬಿದ ಪಾತ್ರೆ ಹೊತ್ತವನಂತೆ ಮೆಲ್ಲಗೆ ಕಾರು ಬಿಟ್ಟ. ರಸ್ತೆಯ ತುದಿ ಬಂತು. ತೊಡೆಯ ಮೇಲಿನ ಕೈಚೀಲವನ್ನು ಬಿಗಿಹಿಡಿದ ಅವಳ ಬೆರಳುಗಳನ್ನು ನೋಡಿದರೇ ಸಾಕಾಗಿತ್ತು, ಶಿಳ್ಳೆ ಹೋಗಿರಲಿಲ್ಲ. ಅವನು ಕಾರು ತಿರುಗಿಸಿದ.

ಮನೆಗೆ ಬಂದು ಟೋಪಿ ತೆಗೆದು ಮೇಜಿನ ಮೇಲಿಟ್ಟು, ಅಡುಗೆಮನೆಯ ಕುರ್ಚಿಯಲ್ಲಿ ಕುಸಿದ. ಉಗುರುಗಳ ಸಂದಿಯಲ್ಲಿ ಡಾಂಬರು ಇನ್ನೂ ಹೋಗಿರಲಿಲ್ಲ.

"ಡೆಸ್ಮಂಡ್ ಜೊತೆ ಹೋಗು, ನೋಲಾ. ನನ್ನ ಕೈಲಿ ಆಗಲಿಲ್ಲ."

"ಹೋಗಲಿ ಬಿಡು. ಒಂದು ಕಾರಿಗೆ ಯಾಕಿಷ್ಟು?"

"ಕಾರಿಗಲ್ಲ." ಎರಲ್ ತನ್ನ ಅಂಗೈ ನೋಡಿಕೊಂಡ. "ಆವತ್ತು ನಿನ್ನಪ್ಪ ಕೀ ನನ್ನ ಕೈಗೆ ಕೊಟ್ಟು, ಹುಷಾರಾಗಿ ಕರ್ಕೊಂಡು ಹೋಗು ಅಂದ್ರು. ದಾರೀಲಿ ನೀನು ನಗ್ತಾ ಇದ್ದೆ, ನಾನು ರಸ್ತೆ ನೋಡೋದು ಬಿಟ್ಟು ನಿನ್ನೇ ನೋಡ್ತಾ ಇದ್ದೆ. ಇನ್ನೊಂದೇ ಸಲ ಹಾಗೆ ಹೋಗ್ಬೇಕು ಅಂತಿತ್ತು. ಅಷ್ಟೇ."

ಐವತ್ತು ವರ್ಷದಲ್ಲಿ ಎರಲ್ ಮೆಕ್ರೇ ಮಾಡಿದ ಅತಿ ದೊಡ್ಡ ಭಾಷಣ ಇದು. ನೋಲಾ ಕೈಚೀಲವನ್ನು ಮೆಲ್ಲಗೆ ಕೆಳಗಿಟ್ಟಳು. ನಮ್ಮ ಕಡೆಯ ಪದ್ಧತಿ, ಸಂಕೋಚ, ಭುಜ ತಟ್ಟುವ ಶಾಸ್ತ್ರ ಎಲ್ಲವನ್ನೂ ಮರೆತು, ಅವನ ತಲೆಯನ್ನು ಎರಡೂ ಕೈಯಲ್ಲಿ ಬಳಸಿ ಎದೆಗೆ ಅಪ್ಪಿಕೊಂಡಳು.

ಕೀಂಯ್!

ನೋಲಾ ಕಲ್ಲಾಗಿ ನಿಂತಳು. ಕೈ ಸಡಿಲಿಸಿದಳು. ಸದ್ದು ನಿಂತಿತು. ಮತ್ತೆ ಅಪ್ಪಿಕೊಂಡಳು. ಕೀಂಯ್!

"ಎರಲ್."

"ಊಂ?" ಅವಳ ಉಡುಪಿನೊಳಗಿಂದ ಅವನ ದನಿ ಬಂತು.

"ನಿನ್ನ ಗೇರ್‌ಬಾಕ್ಸು ಅಡುಗೆಮನೆಗೆ ಬಂದಿದೆ."

ಅವನ ಎಡಗಿವಿಯ ಮೇಲೆ ಅಂಗೈ ಇಟ್ಟಳು, ಕೀಂಯ್. ತೆಗೆದಳು, ಸದ್ದಿಲ್ಲ. ಮೇಜಿನ ಮೇಲಿದ್ದ ಟೋಪಿಯ ದಪ್ಪ ರೆಕ್ಕೆಯನ್ನು ತಂದು ಒತ್ತಿದಳು, ಅದೇ ಕೀಂಯ್, ಪಿಯಾನೋದ ಅದೇ ಸ್ವರ! ಅಳ್ಳಕವಾಗಿ ಕೂತಿದ್ದ ಆ ಕಡಲೆಕಾಳು, ಕಿವಿ ಮುಚ್ಚಿದಾಗಲೆಲ್ಲ ಪ್ರಾಣ ಹೋದಂತೆ ಕೂಗುತ್ತಿತ್ತು. ಕಾರಿನಲ್ಲಿ ಕೂಗು ನೇರ ನೋಲಾಳ ಕಿವಿಗೆ. ಯಂತ್ರ ಹೊತ್ತವನಿಗೆ ಮಾತ್ರ ಸುದ್ದಿಯೇ ಇಲ್ಲ. ನೋಲಾ ನಗುತ್ತ ನಗುತ್ತ ಒಲೆ ಹಿಡಿದುಕೊಂಡು ನೆಲಕ್ಕೇ ಕೂತುಬಿಟ್ಟಳು.

"ಮೂರು ಸಲ ಬಿಚ್ಚಿದೆನಲ್ಲೇ!" ಎಂದು ಎರಲ್ ತಲೆಯ ಮೇಲೆ ಕೈ ಹೊತ್ತ. ಕೀಂಯ್! "ನೆಲ ಬಿಚ್ಚಿದೆ, ಬೇರಿಂಗು ಬದಲಾಯಿಸಿದೆ, ಡಾಂಬರು ಬಡಿದೆ! ಈ ಟೋಪಿ ಯಾಕೆ ಹೆಣೆದೆ ಮಾರಾಯ್ತಿ?"

"ಟೋಪೀನ ಬಯ್ಯಬೇಡ. ಆ ಯಂತ್ರ ಹಾಕಿಸ್ಕೊಂಡಿದ್ದು ಯಾವಾಗ?"

"ಚಳಿಗಾಲದಲ್ಲಿ."

"ಅಲ್ಲಿಂದ ಇಲ್ಲೀವರೆಗೆ ಒಂದೇ ಒಂದು ಸಲ ನನ್ನ ತಬ್ಬಿಕೊಂಡಿದ್ದಿದ್ರೆ," ಎಂದಳು ನೋಲಾ ಕಣ್ಣೊರೆಸಿಕೊಳ್ಳುತ್ತ, "ಗೇರ್‌ಬಾಕ್ಸು ತಂಪಾಗಿ ಕಾರಲ್ಲೇ ಇರ್ತಿತ್ತು, ಪುಣ್ಯಾತ್ಮ!"

ಇಂಥದ್ದಕ್ಕೆ ತಂತಿಯೂ ಇಕ್ಕಳವೂ ಕೆಲಸಕ್ಕೆ ಬರುವುದಿಲ್ಲ.

ಹಸಿರು ಮಾರಿಸ್ ಮೈನರ್ ರಿವರ್ಟನ್‌ಗೆ ಹೊರಟಿತು. ಗೇರ್‌ಬಾಕ್ಸು ನಿಜಕ್ಕೂ ಬೆಣ್ಣೆಯಾಗಿತ್ತು, ಇಷ್ಟು ಸಲ ತೊಳೆಸಿಕೊಂಡ ಗೇರ್‌ಬಾಕ್ಸು ಆಗದೆ ಏನು ಮಾಡೀತು! ಎರಲ್‌ನ ತಲೆಯ ಮೇಲೆ ಟೋಪಿ, ಕಿವಿಯ ಯಂತ್ರ ಜೇಬಿನಲ್ಲಿ, ಎಡಗಡೆಯ ಸೀಟಿನಲ್ಲಿ ನೋಲಾ. ಸಮುದ್ರ ಕಾಣುವ ತಿರುವಿನಲ್ಲಿ ಎಲ್ಲ ಕಾರುಗಳೂ ಸಾಲಾಗಿ ನಿಂತಾಗ ಅವಳು ಹೊಸ ನೆಲದ ಮೇಲೆ ಕಾಲು ಚಾಚಿ, ಅವನ ಕಡೆ ತಿರುಗಿ, ಮೆಲ್ಲಗೆ ಏನೋ ಹೇಳಿದಳು.

"ಏನಂದೆ?"

ಅವಳು ಇನ್ನೊಮ್ಮೆ ಹೇಳಿದಳು.

"ಏನು? ಮತ್ತೆ ಶಿಳ್ಳೆ ಬಂತಾ?"

ನೋಲಾ ಅವನ ಟೋಪಿಯ ರೆಕ್ಕೆ ಎತ್ತಿ, ಕಿವಿಗೆ ಬಾಯಿಟ್ಟು, ಕ್ಲಬ್ಬಿಗೆ ಕ್ಲಬ್ಬೇ ತಿರುಗಿ ನೋಡುವ ಹಾಗೆ ಕಿರುಚಿದಳು:

"ಪರವಾಗಿಲ್ಲ ಅಂದೆ, ಕಿವುಡಪ್ಪಾ! ಐವತ್ತು ವರ್ಷ, ಪರವಾಗಿಲ್ಲ!"